ಅಂಗೈಯಲ್ಲಿ ಆಕಾಶವಾಣಿ

ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲಕ್ಕೆ ಊರಿನ ಬೆಳಗನ್ನು ಎರಡು ಧ್ವನಿಗಳು ಎಬ್ಬಿಸುತ್ತಿದ್ದವು. ಒಂದು ಗಿರಣಿಯ ಕೂಗು. ಮತ್ತೊಂದು ಮನೆಮನೆಯ ಗೂಡಿನಲ್ಲಿ ಕುಳಿತ ರೇಡಿಯೋದಿಂದ ಹೊಮ್ಮುತ್ತಿದ್ದ ಆಕಾಶವಾಣಿಯ ಆರಂಭದ ರಾಗ. ಓಣಿಯ ಈ ತುದಿಯಿಂದ ಆ ತುದಿಗೆ ನಡೆದು ಹೋದರೂ ವಾರ್ತೆಯ ಒಂದು ವಾಕ್ಯ ತಪ್ಪುತ್ತಿರಲಿಲ್ಲ; ಒಂದು ಮನೆಯ ಬಾಗಿಲಲ್ಲಿ ಬಿಟ್ಟದ್ದು ಮುಂದಿನ ಮನೆಯ ಬಾಗಿಲಲ್ಲಿ ಸಿಗುತ್ತಿತ್ತು. ಇಂದು ಗಿರಣಿಯ ಕೂಗು ನಿಂತಿದೆ. ರೇಡಿಯೋ ನಿಂತಿಲ್ಲ, ಆದರೆ ಅದು ಗೂಡಿನಿಂದ ಇಳಿದು ಅಂಗೈಗೆ ಬಂದಿದೆ. ಹಾಗೆ ಬರುವಾಗ ಏನನ್ನು ತಂದಿದೆ, ಏನನ್ನು ದಾರಿಯಲ್ಲಿ ಬಿಟ್ಟು ಬಂದಿದೆ ಎಂಬುದು ವಿಚಾರ ಮಾಡತಕ್ಕ ಸಂಗತಿ.

ಈ ವಿಚಾರಕ್ಕೆ ನನ್ನನ್ನು ಹಚ್ಚಿದವರು ಹರಿಹರದಲ್ಲಿರುವ ನನ್ನ ಸೋದರತ್ತೆ. ಅವರಿಗೆ ಎಂಬತ್ತು ಸಮೀಪಿಸಿದೆ. ಕಣ್ಣು ಮಂದವಾಗಿರುವುದರಿಂದ ಟಿ.ವಿ. ಅವರಿಗೆ ಬೇಡ; ಓದು ಆಗದು. ಬೆಳಗಿನ ಚಿಂತನ, ವಚನ ಗಾಯನ, ಪ್ರದೇಶ ಸಮಾಚಾರ, ಇವೇ ಅವರಿಗೆ ಲೋಕದ ಕಿಟಕಿ. ಮೂವತ್ತು ವರ್ಷ ದುಡಿದ ಅವರ ಟ್ರಾನ್ಸಿಸ್ಟರ್ ಒಂದು ದಿನ ಮೌನವಾಯಿತು. ರಿಪೇರಿ ಮಾಡುವವರನ್ನು ಹುಡುಕಿದರೆ ಅಂಗಡಿ ಮೊಬೈಲ್ ರಿಪೇರಿಯ ಅಂಗಡಿಯಾಗಿತ್ತು. ಬೆಂಗಳೂರಿನಲ್ಲಿರುವ ಮಗ ಬಂದವನು ದಾವಣಗೆರೆಯ ಒಂದು ಅಂಗಡಿಯಿಂದ ಒಳ್ಳೆಯ ಬೆಲೆಯ ಮೊಬೈಲ್ ಫೋನು ತಂದುಕೊಟ್ಟ. "ರೇಡಿಯೋ ಇದೆ" ಎಂದು ಅಂಗಡಿಯವರು ಭರವಸೆ ಇತ್ತಿದ್ದರು. ಮಗ ಇದ್ದಷ್ಟು ದಿನ ಅದು ಹಾಡಿತು. ಅವನು ಊರಿಗೆ ಮರಳಿ, ಇಂಟರ್‌ನೆಟ್ ಪ್ಯಾಕಿನ ಅವಧಿ ಮುಗಿದ ಮರುದಿನವೇ ಬಾಯಿ ಮುಚ್ಚಿತು. ಅದರಲ್ಲಿದ್ದುದು ರೇಡಿಯೋ ಆಗಿರಲಿಲ್ಲ, ಇಂಟರ್‌ನೆಟ್ಟಿನಿಂದ ಧ್ವನಿ ತರುವ ಒಂದು ಆ್ಯಪ್ ಆಗಿತ್ತು.

"ಇಷ್ಟು ದುಡ್ಡು ಕೊಟ್ಟು ತಂದೀರಲ್ಲಪ್ಪಾ, ಇದರಾಗೆ ನನ್ನ ರೇಡಿಯೋ ಎಲ್ಲೈತೆ?" ಎಂದು ಅತ್ತೆ ಕೇಳಿದರು. ಆ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ತಿಳಿದವರನ್ನು ಕೇಳಿ, ಓದಿ, ಪ್ರಯೋಗ ಮಾಡಿ ನೋಡಿ ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಅತ್ತೆ, ಅಜ್ಜಿ, ಮಾವಂದಿರು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ.

ಬಾನುಲಿ ನಮ್ಮ ಸೀಮೆಗೆ ಬಂದ ಬಗೆ

'ಆಕಾಶವಾಣಿ' ಎಂಬ ಸುಂದರ ಹೆಸರು ಕನ್ನಡ ನಾಡಿನ ಕೊಡುಗೆ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಸ್ವಂತ ಆಸಕ್ತಿಯಿಂದ ಆರಂಭಿಸಿದ ಪುಟ್ಟ ಕೇಂದ್ರಕ್ಕೆ ಆ ಹೆಸರು ಇತ್ತು. ಎರಡು ದಶಕಗಳ ತರುವಾಯ ಇಡೀ ದೇಶದ ಬಾನುಲಿ ಸಂಸ್ಥೆಯೇ ಅದನ್ನು ತನ್ನದಾಗಿಸಿಕೊಂಡಿತು. ೧೯೫೦ರಲ್ಲಿ ಧಾರವಾಡ ಕೇಂದ್ರ, ೧೯೫೫ರಲ್ಲಿ ಬೆಂಗಳೂರು ಕೇಂದ್ರ, ೧೯೬೫ರಲ್ಲಿ ಭದ್ರಾವತಿ ಕೇಂದ್ರ ಪ್ರಸಾರ ಆರಂಭಿಸಿದವು. ಧಾರವಾಡ ಕೇಂದ್ರದಲ್ಲಿ ಪಂಡಿತ ಮಲ್ಲಿಕಾರ್ಜುನ ಮನಸೂರರು ಸಂಗೀತ ಸಲಹೆಗಾರರಾಗಿದ್ದರು. ಶರಣರ ವಚನಗಳು ಹಿಂದೂಸ್ತಾನಿ ರಾಗಗಳಲ್ಲಿ ಮನೆಮನೆಗೆ ತಲುಪಿದ್ದು ಮನಸೂರರು, ಬಸವರಾಜ ರಾಜಗುರುಗಳು, ಸಿದ್ಧರಾಮ ಜಂಬಲದಿನ್ನಿಯವರು ಇವರ ಕಂಠದಿಂದ. ಆ ಕಂಠಗಳನ್ನು ಹಳ್ಳಿಯ ಕಟ್ಟೆಗೆ ಮುಟ್ಟಿಸಿದ್ದು ಬಾನುಲಿ.

ದಾವಣಗೆರೆ, ಹರಿಹರಗಳ ಕೇಳುಗರಿಗೆ ಹತ್ತಿರದ ಬಂಧು ಭದ್ರಾವತಿ. ಮಧ್ಯಮ ತರಂಗಾಂತರ ೪೪೪.೪ ಮೀಟರ್, ಅಂದರೆ ೬೭೫ ಕಿಲೋಹರ್ಟ್ಸ್. ಈ ಸಂಖ್ಯೆ ನಮ್ಮ ತಲೆಮಾರಿಗೆ ಮಗ್ಗಿಯಂತೆ ಬಾಯಿಪಾಠವಾಗಿತ್ತು. ಅನಂತರ ಚಿತ್ರದುರ್ಗದ ಎಫ್‌ಎಂ ಕೇಂದ್ರ ೧೦೨.೬ ಮೆಗಾಹರ್ಟ್ಸ್‌ನಲ್ಲಿ ಬಂತು. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಗೆ ವರ್ಷವರ್ಷ ಲೈಸೆನ್ಸ್ ಹಣ ಕಟ್ಟಬೇಕಿದ್ದ ಪದ್ಧತಿ ೧೯೮೦ರ ದಶಕದಲ್ಲಿ ಕೊನೆಗೊಂಡಿತು. ಅಲ್ಲಿಂದ ಮುಂದೆ ಗಾಳಿಯಲ್ಲಿ ಬರುವ ಧ್ವನಿಗೆ ಕೇಳುಗನು ಕಾಸು ಕೊಡಬೇಕಾಗಿಲ್ಲ. ದಾವಣಗೆರೆ ಜಿಲ್ಲೆಯಾದದ್ದು ೧೯೯೭ರ ಆಗಸ್ಟ್ ೧೫ರಂದು. ಆಕಾಶವಾಣಿ ಮತ್ತು ದೂರದರ್ಶನಗಳನ್ನು ನಡೆಸುವ ಪ್ರಸಾರ ಭಾರತಿ ನಿಗಮ ಹುಟ್ಟಿದ್ದೂ ಅದೇ ವರ್ಷದ ನವೆಂಬರಿನಲ್ಲಿ.

ಎರಡು ಬಗೆಯ ಅಲೆಗಳು

ಮೊಬೈಲಿನ ಮಾತಿಗೆ ಮೊದಲು ಅಲೆಗಳ ಮಾತು ತಿಳಿಯಬೇಕು. ಮಧ್ಯಮ ತರಂಗದ ಅಲೆ ನೂರಾರು ಮೀಟರ್ ಉದ್ದದ್ದು. ಅದು ಭೂಮಿಯ ಮೈಯನ್ನು ಹಿಡಿದು ಸಾಗುತ್ತದೆ. ಗುಡ್ಡ, ದಿಬ್ಬಗಳು ಅದಕ್ಕೆ ದೊಡ್ಡ ಅಡ್ಡಿಯಲ್ಲ. ಹಗಲಿನಲ್ಲಿ ಮೇಲ್ಗಡೆಯ ವಾಯುಮಂಡಲದ ಒಂದು ಪದರ ಅದನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ಕೆಳಕ್ಕೆ ಮರಳುತ್ತವೆ. ರಾತ್ರಿಯ ಹೊತ್ತು ಪರರಾಜ್ಯದ, ಪರದೇಶದ ಕೇಂದ್ರಗಳು ನಮ್ಮ ರೇಡಿಯೋದಲ್ಲಿ ಒಂದರ ಮೇಲೊಂದು ಬಿದ್ದು ಕೇಳಿಸುತ್ತಿದ್ದುದರ ಗುಟ್ಟು ಇದೇ.

ಎಫ್‌ಎಂ ಅಲೆಯ ಉದ್ದ ಸುಮಾರು ಮೂರು ಮೀಟರ್ ಮಾತ್ರ. ಧ್ವನಿ ಸ್ವಚ್ಛ, ಸಂಗೀತಕ್ಕೆ ಉತ್ತಮ. ಆದರೆ ಅದು ಬಹುಮಟ್ಟಿಗೆ ನೇರ ದಾರಿಯಲ್ಲಿ ಹೋಗುತ್ತದೆ. ಪ್ರಸಾರ ಗೋಪುರಕ್ಕೂ ನಮಗೂ ನಡುವೆ ಗುಡ್ಡವೋ ಎತ್ತರದ ಕಟ್ಟಡವೋ ಬಂದರೆ ಕುಗ್ಗುತ್ತದೆ. ಚಿತ್ರದುರ್ಗದಿಂದ ದಾವಣಗೆರೆ ಸುಮಾರು ೬೦ ಕಿಲೋಮೀಟರ್ ದೂರ. ಹರಿಹರ ಅದಕ್ಕೂ ಆಚೆ, ೭೦ ಕಿಲೋಮೀಟರಿನಷ್ಟು. ಇಷ್ಟು ದೂರದಲ್ಲಿ ಎಫ್‌ಎಂ ಅಂಚಿನ ಬೆಳೆ ಇದ್ದಂತೆ, ನೀರು ಬಂದರೆ ಬಂತು. ಮಾಳಿಗೆಯ ಮೇಲೆ ಕೇಳಿಸಿದ್ದು ನಡುಮನೆಯಲ್ಲಿ ಕೇಳಿಸದು. ಪೂರ್ವದ ಕಿಟಕಿಯಲ್ಲಿ ಬಂದದ್ದು ಪಶ್ಚಿಮದ ಕೋಣೆಯಲ್ಲಿ ಬಾರದು. ಭದ್ರಾವತಿಗೂ ಈಗ ೧೦೩.೫ರಲ್ಲಿ ಎಫ್‌ಎಂ ಇದೆ. ಅದೂ ನಮಗೆ ಸುಮಾರು ೭೦ ಕಿಲೋಮೀಟರ್ ದಕ್ಷಿಣಕ್ಕೆ.

ಮಧ್ಯಮ ತರಂಗಕ್ಕೆ ಇಂದಿನ ಶತ್ರು ಬೇರೆ: ಮನೆಯೊಳಗಿನ ವಿದ್ಯುತ್ ಗದ್ದಲ. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಇನ್ವರ್ಟರ್ ಇವೆಲ್ಲ ಆ ಅಲೆಗಳ ನಡುವೆ ಗೊರಗೊರ ಸದ್ದನ್ನು ತುಂಬುತ್ತವೆ. ಕರೆಂಟು ಹೋದಾಗ ಬ್ಯಾಟರಿಯ ರೇಡಿಯೋ ಇದ್ದಕ್ಕಿದ್ದಂತೆ ತಿಳಿಯಾಗಿ ಹಾಡುವುದನ್ನು ಗಮನಿಸಿದವರಿಗೆ ಇದು ಗೊತ್ತು. ಜೊತೆಗೆ ಪ್ರಸಾರ ಭಾರತಿಯು ದೇಶದ ಹಲವೆಡೆ ಹಳೆಯ ಮಧ್ಯಮ ತರಂಗ ಪ್ರೇಷಕಗಳನ್ನು ನಿಲ್ಲಿಸಿ ಎಫ್‌ಎಂ ಕಡೆಗೆ ಸಾಗುತ್ತಿದೆ. ಅಂಚಿನ ಊರಿನ ಕೇಳುಗರ ಚಿಂತೆ ಇಲ್ಲಿಯೇ ಇದೆ.

ಫೋನಿನೊಳಗಿನ ರೇಡಿಯೋ

ಮೊಬೈಲ್ ಫೋನಿನಲ್ಲಿ ಮಧ್ಯಮ ತರಂಗ ಸಿಗುವುದಿಲ್ಲ. ಅದಕ್ಕೆ ತಂತಿ ಸುತ್ತಿದ ಫೆರೈಟ್ ಕಡ್ಡಿ ಬೇಕು. ಫೋನಿನ ಸ್ವಂತ ವಿದ್ಯುತ್ ಗದ್ದಲವೂ ಆ ಅಲೆಯನ್ನು ಕೆಡಿಸುತ್ತದೆ. ಎಫ್‌ಎಂ ಹಾಗಲ್ಲ. ೨೦೦೧ರ ಸುಮಾರಿಗೆ ನೋಕಿಯಾ ಕಂಪನಿಯ ೮೩೧೦ ಎಂಬ ಫೋನು ಎಫ್‌ಎಂ ಹೊತ್ತು ಬಂತು. ಮುಂದೆ ಅಗ್ಗದ ಗುಂಡಿಫೋನುಗಳಲ್ಲೂ ಅದು ಸಾಮಾನ್ಯವಾಯಿತು. ಗದ್ದೆಗೆ ನೀರು ಹಾಯಿಸುವ ರೈತನ ಜೇಬಿನಲ್ಲಿ, ಆಟೋ ಚಾಲಕನ ಮುಂಗಡೆಯಲ್ಲಿ, ಮಂಡಿಪೇಟೆಯ ಹಮಾಲರ ಭುಜದ ಮೇಲೆ ಅದು ಹಾಡಿತು. ೨೦೧೭ರಲ್ಲಿ ಬಂದ ಜಿಯೋಫೋನಿನಲ್ಲೂ ಎಫ್‌ಎಂ ಇತ್ತು.

ಹಾಗಾದರೆ ಬೆಲೆ ಹೆಚ್ಚಿದ ಫೋನುಗಳಲ್ಲಿ ಅದೇಕೆ ಕಾಣೆಯಾಯಿತು? ಕಾರಣ ಎರಡು. ಎಫ್‌ಎಂಗೆ ಆಂಟೆನಾ ಬೇಕು. ಮೂರು ಮೀಟರಿನ ಅಲೆಗೆ ಅದರ ಕಾಲುಭಾಗ, ಅಂದರೆ ಮುಕ್ಕಾಲು ಮೀಟರಿನ ತಂತಿ ತಕ್ಕದ್ದು. ಫೋನಿನ ಒಳಗೆ ಅಷ್ಟು ಜಾಗವಿಲ್ಲ. ಇಯರ್‌ಫೋನಿನ ತಂತಿಯೇ ಆ ಕೆಲಸ ಮಾಡುತ್ತಿತ್ತು. ಅದಕ್ಕಾಗಿಯೇ ಇಯರ್‌ಫೋನ್ ಸಿಕ್ಕಿಸದೆ ರೇಡಿಯೋ ಹಚ್ಚಿದರೆ ಫೋನು ತಕರಾರು ಮಾಡುತ್ತಿದ್ದುದು. ೨೦೧೬ರಲ್ಲಿ ಆ್ಯಪಲ್ ಕಂಪನಿ ತನ್ನ ಐಫೋನಿನಿಂದ ಇಯರ್‌ಫೋನ್ ತೂತನ್ನೇ ತೆಗೆಯಿತು; ಕ್ರಮೇಣ ಅನೇಕರು ಅದೇ ಹಾದಿ ಹಿಡಿದರು. ತಂತಿ ಇಲ್ಲದ ಬ್ಲೂಟೂತ್ ಇಯರ್‌ಫೋನು ಆಂಟೆನಾ ಆಗಲಾರದು.

ಎರಡನೆಯ ಕಾರಣ ಇನ್ನೂ ವಿಚಿತ್ರ. ವೈ-ಫೈ ಮತ್ತು ಬ್ಲೂಟೂತ್ ಕೆಲಸ ಮಾಡುವ ಚಿಪ್ಪಿನಲ್ಲಿಯೇ ಎಫ್‌ಎಂ ಗ್ರಾಹಕವೂ ಅನೇಕ ಬಾರಿ ಅಡಕವಾಗಿರುತ್ತದೆ. ತಯಾರಕರು ಅದಕ್ಕೆ ತಂತಿ ಜೋಡಿಸುವುದಿಲ್ಲ, ಇಲ್ಲವೆ ತಂತ್ರಾಂಶದಲ್ಲಿ ಮುಚ್ಚಿಡುತ್ತಾರೆ. ಮನೆಯಲ್ಲಿ ಬಾವಿ ಇದ್ದೂ ಹಗ್ಗ ಕೊಡದ ಹಾಗೆ. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು ೨೦೨೩ರ ಏಪ್ರಿಲ್‌ನಲ್ಲಿ ಫೋನು ತಯಾರಕರ ಸಂಘಗಳಿಗೆ ಒಂದು ಸಲಹಾ ಸೂಚನೆ ಕಳುಹಿಸಿ, ಎಫ್‌ಎಂ ಗ್ರಾಹಕವಿರುವ ಫೋನುಗಳಲ್ಲಿ ಅದನ್ನು ಮುಚ್ಚಬಾರದು, ಇಲ್ಲದಿದ್ದರೆ ಸೇರಿಸಬೇಕು ಎಂದು ತಿಳಿಸಿತು. ಬಡವರಿಗೆ ಮಾಹಿತಿ ತಲುಪುವುದು, ವಿಪತ್ತಿನ ಕಾಲದಲ್ಲಿ ಎಚ್ಚರಿಕೆ ಸಿಗುವುದು ಇವೇ ಅದರ ಉದ್ದೇಶ. ಆದರೆ ಸಲಹೆ ಸಲಹೆಯೇ. ಕೊಳ್ಳುವವರು ಕೇಳಿದರೆ ಮಾತ್ರ ಅಂಗಡಿಗೆ ಅದರ ಬೆಲೆ ತಿಳಿದೀತು.

ಆದುದರಿಂದ ಫೋನು ಕೊಳ್ಳುವಾಗ ಅಂಗಡಿಯಲ್ಲಿಯೇ ಒಂದು ಪರೀಕ್ಷೆ ಮಾಡಿರಿ. ಇಂಟರ್‌ನೆಟ್ ಮತ್ತು ವೈ-ಫೈ ಎರಡನ್ನೂ ಆರಿಸಿ, ತಂತಿಯ ಇಯರ್‌ಫೋನ್ ಸಿಕ್ಕಿಸಿ, ರೇಡಿಯೋ ಹಚ್ಚಿರಿ. ಕೇಂದ್ರವನ್ನು ಹುಡುಕಿ ಧ್ವನಿ ಕೊಟ್ಟರೆ ಅದು ನಿಜವಾದ ರೇಡಿಯೋ. 'ಸಂಪರ್ಕವಿಲ್ಲ' ಎಂದರೆ ಅದು ಹೆಸರಿಗೆ ಮಾತ್ರ ರೇಡಿಯೋ. ಫೋನಿನಲ್ಲಿ ಗ್ರಾಹಕ ಜೋಡಣೆಯೇ ಇಲ್ಲದಿದ್ದರೆ ಯಾವ ಆ್ಯಪ್ ಹಾಕಿದರೂ ಅದು ಹುಟ್ಟಿ ಬರದು. ನನ್ನ ಅತ್ತೆಯ ಮಗ ಈ ಪರೀಕ್ಷೆ ಮಾಡಿದ್ದರೆ ಆ ಹಣ ಉಳಿಯುತ್ತಿತ್ತು.

ಇಂಟರ್‌ನೆಟ್ಟಿನ ಆಕಾಶ

ಹಾಗೆಂದು ಇಂಟರ್‌ನೆಟ್ ಪ್ರಸಾರವನ್ನು ಹಗುರವಾಗಿ ಕಾಣುವಂತಿಲ್ಲ. ಪ್ರಸಾರ ಭಾರತಿಯ 'ನ್ಯೂಸ್ ಆನ್ ಏರ್' ಆ್ಯಪ್ ಆಕಾಶವಾಣಿಯ ೨೦೦ಕ್ಕೂ ಹೆಚ್ಚು ಪ್ರಸಾರಗಳನ್ನು ಒಂದೆಡೆ ತಂದಿದೆ. ೨೦೨೪ರ ನವೆಂಬರಿನಲ್ಲಿ 'ವೇವ್ಸ್' ಎಂಬ ಮತ್ತೊಂದು ವೇದಿಕೆಯನ್ನೂ ಅದು ತೆರೆಯಿತು. ಹರಿಹರದ ಮನೆಯಲ್ಲಿ ಕುಳಿತು ಧಾರವಾಡ, ಮೈಸೂರು, ಮಂಗಳೂರುಗಳನ್ನು ಒಂದಿಷ್ಟೂ ಗೊರಗೊರ ಇಲ್ಲದೆ ಕೇಳಬಹುದು. ಅಮೆರಿಕದಲ್ಲಿರುವ ಮೊಮ್ಮಗಳೂ ಅಜ್ಜಿ ಕೇಳುವ ಕಾರ್ಯಕ್ರಮವನ್ನೇ ಕೇಳಬಹುದು. ಅಲೆಗಳಿಗೆ ಅಂಚು ಇದ್ದಂತೆ ಇಂಟರ್‌ನೆಟ್ಟಿಗೆ ಅಂಚು ಇಲ್ಲ.

ಆದರೆ ಲೆಕ್ಕ ತಿಳಿದಿರಬೇಕು. ಸೆಕೆಂಡಿಗೆ ೬೪ ಕಿಲೋಬಿಟ್ ವೇಗದ ಧ್ವನಿ ಪ್ರಸಾರ ಗಂಟೆಗೆ ಸುಮಾರು ೨೯ ಮೆಗಾಬೈಟ್ ಡೇಟಾ ತೆಗೆದುಕೊಳ್ಳುತ್ತದೆ. ದಿನಕ್ಕೆ ಎರಡು ಗಂಟೆ ಕೇಳಿದರೆ ತಿಂಗಳಿಗೆ ಒಂದೂಮುಕ್ಕಾಲು ಗಿಗಾಬೈಟ್. ಧ್ವನಿಯ ಗುಣ ಎರಡು ಪಟ್ಟಾದರೆ ಲೆಕ್ಕವೂ ಎರಡು ಪಟ್ಟು. ದಿನದ ಪ್ಯಾಕ್ ಹಾಕಿಸಿಕೊಂಡವರಿಗೆ ಇದು ಹೆಚ್ಚಲ್ಲ. ಆದರೆ ಪ್ಯಾಕ್ ಮುಗಿದೊಡನೆ ಧ್ವನಿ ನಿಲ್ಲುತ್ತದೆ ಎಂಬುದೇ ಮುಖ್ಯ. ವಯಸ್ಸಾದವರಿಗೆ ಪ್ಯಾಕ್ ಹಾಕಿಸುವ ಜವಾಬ್ದಾರಿಯನ್ನು ಮನೆಯ ಒಬ್ಬರು ಹೊರಬೇಕು. ಬ್ಯಾಟರಿಯೂ ಎಫ್‌ಎಂಗಿಂತ ಬೇಗ ಇಳಿಯುತ್ತದೆ. ಇನ್ನೊಂದು ಸಣ್ಣ ಸಂಗತಿ: ಇಂಟರ್‌ನೆಟ್ಟಿನಲ್ಲಿ ಬರುವ ಧ್ವನಿ ಕೆಲವು ಸೆಕೆಂಡುಗಳಷ್ಟು ತಡವಾಗಿ ಬರುತ್ತದೆ. ರೇಡಿಯೋದ ಪಿಪ್ ಸದ್ದಿಗೆ ಗಡಿಯಾರ ಹೊಂದಿಸುವ ಹಿರಿಯರು ಇದನ್ನು ನೆನಪಿಡುವುದು ಒಳಿತು.

ನದಿ ಉಕ್ಕಿದ ದಿನ

ಎರಡರ ನಿಜವಾದ ವ್ಯತ್ಯಾಸ ತಿಳಿಯುವುದು ಕಷ್ಟದ ದಿನ. ಹರಿಹರ ತುಂಗಭದ್ರೆಯ ದಡದ ಊರು. ೧೨೨೪ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇಗುಲ ಎಂಟು ಶತಮಾನಗಳಿಂದ ಆ ನದಿಯ ಏರಿಳಿತಗಳನ್ನು ಕಂಡಿದೆ. ೨೦೧೯ರ ಆಗಸ್ಟ್‌ನಲ್ಲಿ ರಾಜ್ಯದ ನದಿಗಳು ಉಕ್ಕಿ ಹರಿದುದನ್ನು ಯಾರೂ ಮರೆತಿಲ್ಲ. ಇಂಥ ವೇಳೆಯಲ್ಲಿ ಮೊದಲು ಹೋಗುವುದು ಕರೆಂಟು. ಮೊಬೈಲ್ ಗೋಪುರಗಳು ಬ್ಯಾಟರಿ, ಡೀಸೆಲ್‌ಗಳ ಮೇಲೆ ಕೆಲವು ಗಂಟೆ ನಡೆಯುತ್ತವೆ. ಆಮೇಲೆ ಅವೂ ನಿಲ್ಲಬಹುದು. ನಿಲ್ಲದಿದ್ದರೂ ಎಲ್ಲರೂ ಒಮ್ಮೆಗೇ ಫೋನು ಮಾಡುವುದರಿಂದ ದಾರಿ ಕಟ್ಟಿಕೊಳ್ಳುತ್ತದೆ. ಪ್ರಸಾರ ಗೋಪುರ ಬೇರೆ ಊರಿನಲ್ಲಿದ್ದರೆ ಅದಕ್ಕೆ ನಮ್ಮ ಊರಿನ ನೆರೆ ತಟ್ಟದು. ಹತ್ತು ಜನ ಕೇಳಿದರೂ ಹತ್ತು ಲಕ್ಷ ಜನ ಕೇಳಿದರೂ ಆ ಅಲೆಗೆ ಒಂದೇ. ರೇಡಿಯೋದ ಹಿರಿಮೆ ಇದು. ಎಫ್‌ಎಂ ಇರುವ ಫೋನಿನಲ್ಲಿ ಸಿಮ್ ಇಲ್ಲದಿದ್ದರೂ ಅದು ಮಾತಾಡುತ್ತದೆ.

ಆದಕಾರಣ ಪ್ರತಿ ಮನೆಯಲ್ಲಿ, ಮುಖ್ಯವಾಗಿ ನದಿಯಂಚಿನ ಮತ್ತು ಹಳ್ಳಿಯ ಮನೆಗಳಲ್ಲಿ, ಬ್ಯಾಟರಿಯಿಂದ ನಡೆಯುವ ಸಣ್ಣ ರೇಡಿಯೋ ಒಂದು ಇರಲಿ. ಮಧ್ಯಮ ತರಂಗ ಮತ್ತು ಎಫ್‌ಎಂ ಎರಡೂ ಇರುವಂಥದ್ದನ್ನು ಆರಿಸಿರಿ. ಮಧ್ಯಮ ತರಂಗ ಕೇಳುವಾಗ ಪೆಟ್ಟಿಗೆಯನ್ನು ತಿರುಗಿಸಿ ನೋಡಿರಿ. ಒಳಗಿನ ಫೆರೈಟ್ ಕಡ್ಡಿ ಕೇಂದ್ರದ ದಿಕ್ಕಿಗೆ ಅಡ್ಡಲಾಗಿ ಇದ್ದಾಗ ಧ್ವನಿ ಬಲವಾಗಿರುತ್ತದೆ. ಭದ್ರಾವತಿ ನಮಗೆ ದಕ್ಷಿಣಕ್ಕಿರುವುದರಿಂದ ಪೆಟ್ಟಿಗೆಯ ಉದ್ದ ಪೂರ್ವ–ಪಶ್ಚಿಮವಾಗಿರಬೇಕು. ಎಫ್‌ಎಂಗೆ ಕಡ್ಡಿಯನ್ನು ಪೂರ್ತಿ ಎಳೆದು, ಚಿತ್ರದುರ್ಗಕ್ಕಾದರೆ ಪೂರ್ವ–ಆಗ್ನೇಯದ ಕಿಟಕಿಯ ಬಳಿ ಇಡಿರಿ. ಚಾರ್ಜರ್, ದೀಪಗಳಿಂದ ದೂರವಿರಲಿ. ಫೋನಿನಲ್ಲಾದರೆ ಇಯರ್‌ಫೋನ್ ತಂತಿಯನ್ನು ಸುರುಳಿ ಸುತ್ತದೆ ಉದ್ದಕ್ಕೆ ಬಿಡಬೇಕು. ತಂತಿ ಸಿಕ್ಕಿಸಿಯೂ ಧ್ವನಿಯನ್ನು ಹೊರಗಿನ ಸ್ಪೀಕರಿಗೆ ತಿರುಗಿಸುವ ಸೌಲಭ್ಯ ಅನೇಕ ಫೋನುಗಳಲ್ಲಿದೆ. ಹಾಗೆ ಮಾಡಿದರೆ ಮನೆಯವರೆಲ್ಲ ಕೇಳಬಹುದು.

ಹಿಡಿದಿಟ್ಟ ಧ್ವನಿ

ರೇಡಿಯೋಗೆ ಇಲ್ಲದ ಒಂದು ಗುಣ ಮೊಬೈಲಿಗಿದೆ: ನೆನಪಿನ ಶಕ್ತಿ. ಬಾನುಲಿಯ ಧ್ವನಿ ಬಂದು ಹೋಗುವಂಥದ್ದು, ತಪ್ಪಿದರೆ ತಪ್ಪಿತು. ಮೊಬೈಲು ಅದನ್ನು ಹಿಡಿದಿಡುತ್ತದೆ. ೩೨ ಗಿಗಾಬೈಟಿನ ಒಂದು ಉಗುರಗಲದ ಕಾರ್ಡು, ಮೇಲೆ ಹೇಳಿದ ಗುಣಮಟ್ಟದಲ್ಲಿ ಸಾವಿರಕ್ಕೂ ಹೆಚ್ಚು ಗಂಟೆಗಳ ಧ್ವನಿಯನ್ನು ಹೊರಬಲ್ಲದು. ಎಫ್‌ಎಂ ಇರುವ ಹಲವು ಫೋನುಗಳಲ್ಲಿ ಕಾರ್ಯಕ್ರಮವನ್ನು ಧ್ವನಿಮುದ್ರಿಸಿಕೊಳ್ಳುವ ಗುಂಡಿಯೂ ಇದೆ. ಮನೆಯಲ್ಲಿ ಮತ್ತೆ ಕೇಳುವುದಕ್ಕೆ ಅದು ಅನುಕೂಲ.

ಈ ಶಕ್ತಿಯನ್ನು ನಂಬಿ ನಾನು ಒಮ್ಮೆ ಮೋಸಹೋಗಿದ್ದೇನೆ. ನಮ್ಮ ಅಜ್ಜಿಗೆ ಸೋಬಾನೆ ಪದಗಳು ಬಹಳ ಬರುತ್ತಿದ್ದವು. ೨೦೧೦ರಲ್ಲಿ ಒಂದು ಮದುವೆಯ ಮನೆಯಲ್ಲಿ ಅವರು ಹಾಡಿದ್ದನ್ನು ಗುಂಡಿಫೋನಿನಲ್ಲಿ ಹಿಡಿದಿಟ್ಟೆ. ಮರುವರ್ಷ ಅಜ್ಜಿ ಲಿಂಗೈಕ್ಯರಾದರು. ಫೋನು ಜೇಬಿನಲ್ಲಿಯೇ ಇತ್ತು, ಬೇಕಾದಾಗ ಕೇಳಿದರಾಯಿತು ಎಂದು ಸುಮ್ಮನಿದ್ದೆ. ಒಂದು ದಿನ ಕಾರ್ಡು ಕೆಟ್ಟಿತು. ತೆರೆಯಲು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ. ಆ ಪದಗಳನ್ನು ಪೂರ್ತಿ ಬಲ್ಲವರು ಈಗ ನಮ್ಮ ಮನೆತನದಲ್ಲಿ ಯಾರೂ ಇಲ್ಲ. ತಪ್ಪು ಕಾರ್ಡಿನದಲ್ಲ, ಒಂದೇ ಕಡೆ ಇಟ್ಟ ನನ್ನದು.

ಹಿರಿಯರ ಧ್ವನಿಯನ್ನು ಹಿಡಿದಿಟ್ಟವರು ಅದೇ ದಿನ ಮೂರು ಕಡೆ ಇಡಬೇಕು. ಒಂದು ಪ್ರತಿ ಫೋನಿನಲ್ಲಿ, ಒಂದು ಕಂಪ್ಯೂಟರಿನಲ್ಲೋ ಪೆನ್‌ಡ್ರೈವಿನಲ್ಲೋ, ಮತ್ತೊಂದು ಬೇರೆ ಊರಿನ ಬಂಧುವಿನ ಬಳಿ. ಕಡತಕ್ಕೆ ಹಾಡಿದವರ ಹೆಸರು, ಊರು, ದಿನಾಂಕ ಬರೆದಿಡಿರಿ. ಹತ್ತು ವರ್ಷದ ನಂತರ ಯಾರ ಧ್ವನಿ ಎಂಬುದೇ ಮರೆಯುತ್ತದೆ. ಮುದ್ರಿಸುವಾಗ ಫ್ಯಾನು ಆರಿಸಿ, ಫೋನನ್ನು ಬಾಯಿಂದ ಒಂದು ಗೇಣು ದೂರದಲ್ಲಿ ಮೆತ್ತನೆಯ ಬಟ್ಟೆಯ ಮೇಲಿಡಿರಿ. ಇಷ್ಟೇ ಸಾಕು.

ಮುಂದೆ ಏನು?

ಬಾನುಲಿಯೂ ಡಿಜಿಟಲ್ ಆಗುತ್ತಿದೆ. ಆಕಾಶವಾಣಿಯು ಡಿಆರ್‌ಎಂ ಎಂಬ ಪದ್ಧತಿಯಲ್ಲಿ ಮೂವತ್ತಕ್ಕೂ ಹೆಚ್ಚು ಮಧ್ಯಮ ತರಂಗ ಪ್ರೇಷಕಗಳನ್ನು ಸಜ್ಜುಗೊಳಿಸಿತು. ಕೆಲವು ಹೊಸ ಕಾರುಗಳಲ್ಲಿ ಅದರ ಗ್ರಾಹಕವಿದೆ, ಸಾಮಾನ್ಯ ಮೊಬೈಲುಗಳಲ್ಲಿಲ್ಲ. ನಾರ್ವೆ ದೇಶ ೨೦೧೭ರಲ್ಲಿ ರಾಷ್ಟ್ರೀಯ ಕೇಂದ್ರಗಳ ಎಫ್‌ಎಂ ಪ್ರಸಾರವನ್ನೇ ನಿಲ್ಲಿಸಿ ಡಿಜಿಟಲ್ ಕಡೆಗೆ ಹೋಯಿತು. ನಮ್ಮ ದೇಶದ ದಿಕ್ಕು ಸದ್ಯಕ್ಕೆ ಬೇರೆ. ೨೦೨೪ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟವು ೨೩೪ ಹೊಸ ನಗರಗಳಲ್ಲಿ ೭೩೦ ಖಾಸಗಿ ಎಫ್‌ಎಂ ವಾಹಿನಿಗಳ ಹರಾಜಿಗೆ ಒಪ್ಪಿಗೆ ನೀಡಿತು. ಆ ಪಟ್ಟಿಯಲ್ಲಿ ದಾವಣಗೆರೆಯ ಹೆಸರೂ ಇದೆ. ಊರಿನಲ್ಲಿಯೇ ಗೋಪುರ ಎದ್ದರೆ ಹರಿಹರದ ನಡುಮನೆಯಲ್ಲೂ ಎಫ್‌ಎಂ ತಿಳಿಯಾಗಿ ಕೇಳಿಸೀತು. ಅದರಲ್ಲಿ ಚಿತ್ರಗೀತೆಯ ಜೊತೆಗೆ ಮೆಕ್ಕೆಜೋಳದ ಧಾರಣೆ, ಭದ್ರಾ ನಾಲೆಯ ನೀರಿನ ಸುದ್ದಿ, ವಚನದ ದನಿಗಳಿಗೂ ಜಾಗವಿರಲಿ ಎಂದು ಹಾರೈಸೋಣ.

ಯಂತ್ರದ ಮಾತು ಇಷ್ಟು. ಮನೆಯ ಮಾತೊಂದು ಉಳಿದಿದೆ. ಗೂಡಿನ ರೇಡಿಯೋ ಮನೆಮಂದಿಗೆಲ್ಲ ಒಂದಾಗಿ ಕೇಳಿಸುತ್ತಿತ್ತು. ಮೊಬೈಲು ಒಬ್ಬೊಬ್ಬರ ಕಿವಿಗೆ ಒಂದೊಂದು ಲೋಕ ಕೊಟ್ಟಿದೆ. ಅಜ್ಜಿ ಕೇಳುವುದು ಮೊಮ್ಮಗನಿಗೆ ಗೊತ್ತಿಲ್ಲ, ಮೊಮ್ಮಗ ಕೇಳುವುದು ಅಜ್ಜಿಗೆ ಗೊತ್ತಿಲ್ಲ. ದಿನದಲ್ಲಿ ಅರ್ಧ ಗಂಟೆಯಾದರೂ ಇಯರ್‌ಫೋನ್ ಕಿತ್ತಿಟ್ಟು ಎಲ್ಲರೂ ಒಂದು ಧ್ವನಿಗೆ ಕಿವಿಗೊಟ್ಟರೆ ಮನೆಯಲ್ಲಿ ಮಾತು ಹುಟ್ಟುತ್ತದೆ.

ಹರಿಹರದ ಅತ್ತೆಗೆ ಕೊನೆಗೆ ಎರಡನ್ನೂ ಒದಗಿಸಿದೆವು. ಪೂರ್ವದ ಕಿಟಕಿಯಲ್ಲಿ ಬ್ಯಾಟರಿಯ ಸಣ್ಣ ರೇಡಿಯೋ ಕುಳಿತಿದೆ. ಮಗ ಕೊಟ್ಟ ಫೋನಿನಲ್ಲಿ ಅವರಿಗಿಷ್ಟವಾದ ವಚನಗಳು ತುಂಬಿವೆ; ಪ್ಯಾಕ್ ಬೇಡ. ಅದೇ ಫೋನಿನಲ್ಲಿ ಅವರ ಬೀಸುವ ಪದಗಳನ್ನು ಮುದ್ರಿಸಿ ಈ ಸಲ ಮೂರು ಕಡೆ ಇಟ್ಟಿದ್ದೇನೆ. ತಮ್ಮ ಧ್ವನಿಯನ್ನು ಮೊದಲ ಬಾರಿ ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಅವ್ವನ ದನಿ ಇದ್ದಂಗೈತೆ" ಎಂದರು. ಆಮೇಲೆ ಎದ್ದು, ಪ್ರದೇಶ ಸಮಾಚಾರದ ಹೊತ್ತಾಯಿತೆಂದು ಕಿಟಕಿಯ ರೇಡಿಯೋ ಹಚ್ಚಿದರು.